ಬದುಕಿದ್ದವನ ಹೆಸರಿನ ಒಲೆ

ಲಿಯೊಂತೀನಳಿಗೆ ಊರಿನವರ ಸುದ್ದಿಯೆಂದರೆ ಊಟಕ್ಕಿಂತ ಹೆಚ್ಚು. ಅಂಚೆ ಕಚೇರಿಯಲ್ಲಿ ಅಷ್ಟು ವರ್ಷ ಕೂತವಳು. ಯಾರ ಮನೆಗೆ ಎಲ್ಲಿಂದ ಕಾಗದ ಬರುತ್ತದೆಂದು ಬಾಯಿಪಾಠ ಒಪ್ಪಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಹೆಂಗಸರ ಸಂಘಕ್ಕೆ ಸೇರಿದ್ದೂ ಪುಣ್ಯಕ್ಕಿಂತ ಹೆಚ್ಚಾಗಿ ಕುತೂಹಲಕ್ಕೆ. ಸಂಘದಲ್ಲಿ ಪ್ರತಿಯೊಬ್ಬಳೂ ತಿಂಗಳಿಗಿಷ್ಟು ಅಂತ ಹಾಕುವುದು, ಕೂಡಿದ್ದನ್ನು ಊರಲ್ಲಿ ಯಾರಿಗೆ ಕೊಡಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸುವುದು. ಹನಿಹನಿಗೂಡಿದರೆ ಹಳ್ಳ. ಕೂರುವುದು ಲುಕ್ರೆತ್ಸಿಯಳ ಬ್ಯೂಟಿ ಪಾರ್ಲರಿನ ಹಿಂದಿನ ಕೋಣೆಯಲ್ಲಾದ್ದರಿಂದ, ತೀರ್ಮಾನದ ಹೊತ್ತಿಗೆ ಒಬ್ಬಿಬ್ಬರ ತಲೆಗೆ ಬಣ್ಣ ಮೆತ್ತಿಯೇ ಇರುತ್ತಿತ್ತು.

ಈ ಸಲ ತೀರ್ಮಾನವಾದದ್ದು ಬೀದಿ ಕೊನೆಯ ಒಂಟಿ ಮುದುಕಿ ಸಾವೇತಳಿಗೆ ಹೊಸ ಕಬ್ಬಿಣದ ಒಲೆ. ಹಳೆಯದು ಬಿರುಕುಬಿಟ್ಟು ಮನೆಯೊಳಕ್ಕೇ ಹೊಗೆ ಉಗುಳುತ್ತಿತ್ತು. ಇನ್ನೊಂದು ಚಳಿಗಾಲ ಆ ಹೊಗೆಯಲ್ಲಿ ಕಳೆದರೆ ಜೀವ ಉಳಿಯುವುದಿಲ್ಲವೆಂದು ಡಾಕ್ಟರರೇ ಹೇಳಿದ್ದರು. ಆದರೂ ಸಂಘದಿಂದ ಇಬ್ಬರು ಹೋಗಿ ಕೇಳಿದಾಗ ಮುದುಕಿ ಬಾಗಿಲನ್ನೂ ಪೂರ್ತಿ ತೆರೆಯದೆ ಬೇಡ ಎಂದಿದ್ದಳು.

"ಸೊಕ್ಕು ಕಣ್ರೇ," ಎಂದಳು ಲುಕ್ರೆತ್ಸಿಯ. "ಬೇಡ ಅಂದೋರ ಕೊರಳಿಗೆ ಕಟ್ಟೋಕಾಗುತ್ತಾ? ಆ ದುಡ್ಡಲ್ಲಿ ಶಾಲೆ ಬೇಲಿ ಮಾಡ್ಸೋಣ."

"ಸ್ವಲ್ಪ ತಡ್ಕೊಳ್ರೇ. ಯಾಕೆ ಬೇಡ ಅಂತಾಳೆ ಅಂತ ಯಾರಾದ್ರೂ ಕೇಳಿದ್ರಾ?" ಎಂದಳು ಲಿಯೊಂತೀನ.

"ನೀನೇ ಹೋಗಿ ಕೇಳು. ನಿನ್ನ ಮೂಗು ತೂರದ ಬಾಗಿಲು ಊರಲ್ಲಿ ಅದೊಂದೇ ಉಳಿದಿರೋದು."

ಲಿಯೊಂತೀನ ಹೋದಳು. ಒಂದು ಲೋಟ ನೀರು ಕೊಡಿ ಅಕ್ಕಾ ಎಂದು ಕೇಳಿದ್ದರಿಂದ ಸಾವೇತ ಒಳಗೆ ಬಿಡಲೇಬೇಕಾಯಿತು. ಒಳಗೆ ಕಣ್ಣು ಬಿಡಲಾಗದಷ್ಟು ಹೊಗೆ. ಕಣ್ಣೊರೆಸಿಕೊಂಡು ನೋಡಿದರೆ ಗೋಡೆಯ ಹಲಗೆಯ ಮೇಲೆ ಸಾಲುಸಾಲು ಬಣ್ಣದ ಮಣ್ಣಿನ ಲೋಟಗಳು. ಒಂದೊಂದರ ಹಿಡಿಗೂ ಕೆಂಪು ದಾರ, ಪುಟ್ಟ ಮೇಣದಬತ್ತಿ. ಸತ್ತವರ ಆತ್ಮಕ್ಕೆಂದು ಹಂಚುವ ಪೊಮಾನದ ಲೋಟಗಳು. ಪೊಮಾನವನ್ನು ಒಲ್ಲೆ ಎನ್ನುವಂತಿಲ್ಲ. ಎಂದರೆ ಸತ್ತವರು ಆಚೆ ಲೋಕದಲ್ಲಿ ಬಾಯಾರಿ ಕೂರಬೇಕು. ಕೈಚಾಚಿ ತೆಗೆದುಕೊಂಡು 'ಬೊಗ್ದಪ್ರೊಸ್ತೆ', ದೇವರು ಅವರನ್ನು ಮನ್ನಿಸಲಿ, ಎನ್ನಬೇಕು.

ಅಬ್ಬಾ, ಇವಳು ಪಡೆದಷ್ಟು ಪೊಮಾನ ಪಾದ್ರಿಯೂ ಪಡೆದಿರಲಾರ ಎಂದುಕೊಂಡಳು ಲಿಯೊಂತೀನ. ಒಂದನ್ನೂ ಬಳಸಿಲ್ಲವಲ್ಲ ಎಂದು ಕೊಂಚ ಆಶ್ಚರ್ಯವೂ ಆಯಿತು. ಆದರೆ ಅಷ್ಟರಲ್ಲಿ ಉಪಾಯ ಹೊಳೆದಿತ್ತು.

"ಅಕ್ಕಾ, ಆ ಒಲೆ ದಾನ ಅಲ್ಲ. ಪೊಮಾನ."

"ಯಾರ ಹೆಸರಲ್ಲಿ?"

ಊರಿನ ಸತ್ತವರೆಲ್ಲ ಆ ಗಳಿಗೆಗೆ ಸರಿಯಾಗಿ ಅವಳ ತಲೆಯಿಂದ ಎದ್ದುಹೋದರು. "ಪಾಂದೆಲೆ," ಎಂದುಬಿಟ್ಟಳು.

ಪಾಂದೆಲೆ ಅವಳ ಗಂಡ. ಆಗ ಅವನು ಹಿತ್ತಲಲ್ಲಿ ಪ್ಲಮ್ ಸಾರಾಯಿ ಭಟ್ಟಿಯ ಮುಂದೆ ಕೂತು ಹಾಡು ಗುನುಗುತ್ತಿದ್ದ.

ಯಾರ ಮನೆಗೂ ಹೋಗಿಬಾರದ ಸಾವೇತಳಿಗೆ ಪಾಂದೆಲೆ ಯಾರೆಂದು ಗೊತ್ತಿರಲಿಲ್ಲ. ಅವಳು ಶಿಲುಬೆ ಗುರುತು ಮಾಡಿಕೊಂಡಳು. "ಬೊಗ್ದಪ್ರೊಸ್ತೆ. ತರ್ಸು."

ಲಿಯೊಂತೀನ ಬೀದಿಗೆ ಬಂದವಳೇ ಬದುಕಿದ್ದವನನ್ನು ಸತ್ತನೆಂದ ಅಪಶಕುನ ಕಳೆಯಲೆಂದು, ಊರಿನ ರೂಢಿಯಂತೆ ತನ್ನ ಎದೆಯ ಮೇಲೆ ಥೂ ಥೂ ಎಂದು ಉಗಿದುಕೊಂಡಳು.

ಗುರುವಾರ ಒಲೆ ಬಂತು. ಹೊತ್ತದ್ದು ಸಂಘದ ಹೆಂಗಸರ ಗಂಡಂದಿರು. ಅವರಲ್ಲಿ ಪಾಂದೆಲೆಯೂ ಒಬ್ಬ, ಬೇಡವೆಂದರೂ ಕೇಳದೆ ಬಂದಿದ್ದ. ಬಾಯಿ ಬಿಟ್ರೆ ನೋಡು ಎಂದು ಹೆಂಡತಿ ಗದರಿಸಿದ್ದಳು, ಅವನು ಬಿಡಲೂ ಇಲ್ಲ. ಅಂಗಳದಲ್ಲಿ ಕಿರುಚಿದವನು ಲುಕ್ರೆತ್ಸಿಯಳ ಗಂಡ.

"ಲೋ ಪಾಂದೆಲೆ, ಆ ಕಡೆ ಎತ್ತೋ! ಸತ್ತಿದೀಯೇನೋ?"

ಹೊಸ್ತಿಲಲ್ಲಿ ನಿಂತಿದ್ದ ಸಾವೇತ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವನೇನಾ ಸತ್ತೋನು?"

ಸಾವೇತ ಅರ್ಧ ಬಾಗಿಲು ಹಿಡಿದೇ ನಿಂತಿದ್ದಳು. ಇನ್ನು ಬಂದ ದಾರಿಗೆ ಸುಂಕವಿಲ್ಲವೆಂದು ಒಲೆ ವಾಪಸಾಗುವುದೇ ಸೈ ಎಂದು ಲಿಯೊಂತೀನಳಿಗೆ ಅನ್ನಿಸಿತು. ನಾಚಿಕೆಯಿಂದ ಮುಖ ಸುಟ್ಟಂತಾಯಿತು.

"ತಪ್ಪಾಯ್ತು ಅಕ್ಕಾ, ಸುಳ್ಳು ಹೇಳ್ದೆ. ಪೊಮಾನ ಅಂದ್ರೆ ತಗೋತೀರಿ ಅಂದ್ಕೊಂಡೆ. ಅಷ್ಟೊಂದು ಲೋಟ ತಗೊಂಡಿದೀರಲ್ಲ."

"ತಗೊಂಡಿದೀನಾ?" ಸಾವೇತ ಕೆಮ್ಮು ಬರುವಷ್ಟು ನಕ್ಕಳು. "ಅವು ಕೊಡೋಕೆ ಕಣೇ, ಪೆದ್ದಿ. ನಾನು ಸತ್ತ ಮೇಲೆ ನನ್ನ ಹೆಸರಲ್ಲಿ ಒಂದು ಲೋಟ ನೀರು ಕೊಡೋಕೆ ನಂಗ್ಯಾರಿದಾರೆ? ಅದಕ್ಕೇ ಜೀವ ಇದ್ದಾಗ್ಲೇ ನಾನೇ ಹಂಚೋಣ ಅಂತ ಒಂದೊಂದೇ ಕೊಂಡು ಜೋಡಿಸಿಟ್ಟೆ. ಅಷ್ಟರಲ್ಲಿ ನಿಮ್ಮ ಸಂಘ ಬಂತು. ಊರಿನೋರಿಂದ ದಾನ ತಗೊಂಡೋಳ ಕೈಯಿಂದ ಪೊಮಾನ ಯಾರು ಮನಸಾರೆ ತಗೋತಾರೆ, ಹೇಳು."

ಲಿಯೊಂತೀನ ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇಷ್ಟು ವರ್ಷ ಊರಿನ ಕಾಗದಗಳನ್ನೆಲ್ಲ ಹಂಚಿದವಳಿಗೆ ಈ ಮನೆಗೆ ಯಾರಿಂದಲೂ ಒಂದು ಕಾಗದ ಬಂದಿರಲಿಲ್ಲವೆಂಬುದು ಈಗ ನೆನಪಾಯಿತು.

"ನಾನು ತಗೋತೀನಿ," ಎಂದು ಎರಡೂ ಕೈ ಚಾಚಿದಳು. "ಕೊಡಿ ಅಕ್ಕಾ."

ಸಾವೇತ ಒಳಗೆ ಹೋಗಿ, ನೀರು ತುಂಬಿದ ಒಂದು ಲೋಟವನ್ನೂ ಹಚ್ಚಿದ ಮೇಣದಬತ್ತಿಯನ್ನೂ ತಂದಳು. "ಸಾವೇತಳ ಆತ್ಮಕ್ಕೆ," ಎಂದಳು.

ಬದುಕಿರುವವಳ ಮುಖ ನೋಡುತ್ತ ಆ ಮಾತು ಹೇಳುವುದು ಸುಲಭವಾಗಿರಲಿಲ್ಲ. "ಬೊಗ್ದಪ್ರೊಸ್ತೆ," ಎಂದಳು ಲಿಯೊಂತೀನ. ಕಣ್ಣು ತುಂಬಿತು, ಅಂಗಳದಲ್ಲಿ ಹೊಗೆಯ ನೆಪವೂ ಇರಲಿಲ್ಲ.

ಪಾಂದೆಲೆ ಟೋಪಿ ತೆಗೆದು ತಾನೂ ಕೈ ಚಾಚಿದ. "ನಂಗೂ ಒಂದು ಕೊಡೀಮ್ಮ. ಸತ್ತೋನು, ಬಾಯಾರಿಕೆ ಜಾಸ್ತಿ."

ಸಾವೇತ ಎರಡೂ ಬಾಗಿಲು ಹಾರುಹೊಡೆದಳು. "ಕೊಡ್ತೀನಿ. ಮೊದ್ಲು ಒಲೆ ಒಳಗಿಡ್ರೋ."