ಏರುಸ್ವರದಲ್ಲೊಂದು ಸೊಳ್ಳೆ

ಅತ್ತೆಯ ಎದುರು ನಿಂತು, ‘ನಿಮ್ಮ ಗಂಟಲಲ್ಲಿ ಏನೋ ಐಬಿದೆ’ ಎಂದು ಹೇಳುವುದು ಹೇಗೆ? ಸೊಸೆ ಎರಡು ದಿನದಿಂದ ಇದನ್ನೇ ಅಭ್ಯಾಸ ಮಾಡುತ್ತಿದ್ದಳು. ಹಲ್ಲುಜ್ಜುವಾಗ ಕನ್ನಡಿಗೆ ಹೇಳಿ ನೋಡಿದಳು. ಬಟ್ಟೆ ಒಣಹಾಕುವಾಗ ಗಂಡನ ಅಂಗಿಗೆ ಹೇಳಿ ನೋಡಿದಳು. ಅಂಗಿ ಪಾಪ, ಸುಮ್ಮನೆ ಕೇಳಿಸಿಕೊಂಡಿತು. ಅಂಗಿಯ ಒಡೆಯ ಮಾತ್ರ, “ಕಿವಿ ನಿಂದು, ಕೆಲಸ ನಿಂದು, ನೀನೇ ಹೇಳ್ಕೋ. ನನ್ನನ್ನ ಮಧ್ಯೆ ಎಳೀಬೇಡ ಮಾರಾಯ್ತಿ,” ಎಂದು ಬೂಟಿನ ದಾರ ಕೂಡ ಕಟ್ಟದೆ ಆಫೀಸಿಗೆ ಜಾರಿಕೊಂಡ.

ಸೊಸೆಯ ಕೆಲಸ ಹಾಡುಗಳನ್ನು ಮಿಕ್ಸ್ ಮಾಡುವುದು. ನಾಲ್ಕನೇ ಮಹಡಿಯ ಮನೆಯ ಹಿಂದಿನ ಕೋಣೆಯೇ ಅವಳ ಸ್ಟುಡಿಯೋ. ಗೋಡೆಗೆ ಹಳೆಯ ಹಾಸಿಗೆ, ಕಿಟಕಿಗೆ ಎರಡೆರಡು ಕಂಬಳಿ, ಮೇಜಿನ ಮೇಲೆ ಏಳು ವರ್ಷ ಹಳೆಯ ಕಂಪ್ಯೂಟರು, ಅದರ ಆಚೀಚೆ ಎರಡು ಸ್ಪೀಕರು. ಯಾರ್ಯಾರೋ ಹಾಡಿದ್ದನ್ನು ಇಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುತ್ತಿದ್ದಳು. ಇಷ್ಟು ವರ್ಷ ಬೇರೆಯವರ ಧ್ವನಿ. ಈ ಸಲ ಅತ್ತೆಯದು.

ಅತ್ತೆ ಮೂವತ್ತಮೂರು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವರು. ಸೂಜಿ ಕಂಡು ಚೀರುವ ಮಕ್ಕಳಿಗೆಂದು ತಾವೇ ಒಂದು ಹಾಡು ಕಟ್ಟಿಕೊಂಡಿದ್ದರು. ಅದರ ಕೊನೆಯ ಸಾಲು, ‘ಜ್ವರವೇ ಜ್ವರವೇ, ಬಾಗಿಲು ತೆರೆದಿದೆ, ಹೋಗು, ಮತ್ತೆ ಬಾರದಿರು.’ ಬಂದವರಿಗೆಲ್ಲ ‘ಹೋಗಿ ಬಾ’ ಎನ್ನುವ ಹೆಂಗಸು ಜ್ವರಕ್ಕೊಂದಕ್ಕೆ ಮಾತ್ರ ‘ಬಾರದಿರು’ ಎನ್ನುತ್ತಿದ್ದರು. ಆ ‘ಬಾರದಿರು’ ಎಂಬಲ್ಲಿ ಸ್ವರ ಜಾರುತ್ತ ಜಾರುತ್ತ ಮೇಲಕ್ಕೆ ಏರಿ ನಿಲ್ಲುತ್ತಿತ್ತು. ಅಂಥದೇ ಒಂದು ವಾರ್ಡಿನ ಬಗ್ಗೆ ಕಿರುಚಿತ್ರ ಮಾಡುತ್ತಿದ್ದ ನಿರ್ದೇಶಕಿಯೊಬ್ಬಳ ಕಿವಿಗೆ ಈ ಸುದ್ದಿ ಬಿತ್ತು. ಶನಿವಾರ ಸಂಜೆ ಐದರೊಳಗೆ ಹಾಡು ಬೇಕು ಎಂದಳು. ಭಾನುವಾರವೇ ಅತ್ತೆ ಹಾಡಿದರು. ಮುಖ್ಯ ಧ್ವನಿ ಒಂದು, ಅದರಡಿಗೆ ಹಾಸಲು ಅವರದೇ ಧ್ವನಿ ಇನ್ನೈದು.

ಸೋಮವಾರ ಮಿಕ್ಸಿಂಗಿಗೆ ಕೂತರೆ ಸೊಳ್ಳೆ.

ಸೊಳ್ಳೆಯೆಂದರೆ ಸೊಳ್ಳೆಯೇ ಅಲ್ಲ. ‘ಬಾರದಿರು’ ಮೇಲಕ್ಕೇರುವಾಗಲೆಲ್ಲ ಧ್ವನಿಯೊಳಗೆ ಗುಂಯ್ ಎಂಬ ಒಂದು ಕೀರಲು. ಸೊಸೆ ಮೈಕು ನೋಡಿದಳು, ತಂತಿ ನೋಡಿದಳು, ಕಂಬಳಿ ಝಾಡಿಸಿದಳು. ಕೊನೆಗೆ, ಅರವತ್ತೊಂದರ ಗಂಟಲು, ಮೇಲೆ ಹೋದಾಗ ಸೀಳುತ್ತಿದೆ ಎಂದು ತೀರ್ಮಾನಿಸಿಬಿಟ್ಟಳು.

ಬುಧವಾರ ಬೆಳಿಗ್ಗೆ ಬಾಯಿಬಿಟ್ಟಳು. “ಅತ್ತೆ, ಹಾಡೇನೋ ಬಹಳ ಚೆನ್ನಾಗಿದೆ. ಆದ್ರೆ ಮೇಲಿನ ಸ್ವರದಲ್ಲಿ... ಹವಾಮಾನ ಬೇರೆ ಸರಿ ಇಲ್ಲ ನೋಡಿ...”

“ಅಡ್ಡಗೋಡೆ ಮೇಲೆ ದೀಪ ಇಡ್ಬೇಡ,” ಎಂದರು ಅತ್ತೆ. “ರೋಗಿಗೆ ರೋಗ ಏನು ಅಂತ ನೆಟ್ಟಗೆ ಹೇಳ್ಬೇಕು.”

“ಧ್ವನಿ ಸ್ವಲ್ಪ ಸೀಳ್ತಾ ಇದೆ ಅತ್ತೆ.”

ಅತ್ತೆ ಅಳಲಿಲ್ಲ, ರೇಗಲಿಲ್ಲ. ಅದಕ್ಕಿಂತ ಭಯಂಕರವಾದದ್ದನ್ನು ಮಾಡಿದರು: ಚಿಕಿತ್ಸೆ ಶುರು ಮಾಡಿದರು. ಗಂಟೆಗೊಮ್ಮೆ ಬಿಸಿ ಉಪ್ಪುನೀರಿನ ಗಳಗಳ, ಮೂರು ಹೊತ್ತು ಟವೆಲ್ ಹೊದ್ದು ಹಬೆ, ಉಳಿದ ಹೊತ್ತು ಮೌನ. ಏನು ಬೇಕಾದರೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸುವರು. ‘ಹಾಲು ಉಕ್ಕುತ್ತಿದೆ’ ಎಂದು ಬರೆದು ಮುಗಿಸುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹಾಲಾಗಿತ್ತು. ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತರಾದ ಮಾವ ಮಾತ್ರ, “ಮದುವೆ ಆದಾಗಿನಿಂದ ಇಷ್ಟು ನೆಮ್ಮದಿಯಾಗಿ ಪೇಪರ್ ಓದಿರ್ಲಿಲ್ಲ,” ಎಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು. ಅದೂ ಅತ್ತೆಗೆ ಕೇಳಿಸಿತು. ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಉತ್ತರವೂ ಬಂತು.

ಗುರುವಾರ ಎರಡು ಸಲ, ಶುಕ್ರವಾರ ಎರಡು ಸಲ ಅತ್ತೆ ಮತ್ತೆ ಹಾಡಿದರು. ಹಾಡಿದ್ದನ್ನು ಮಿಕ್ಸ್ ಮಾಡಿದಾಗಲೆಲ್ಲ ಸೊಳ್ಳೆ ಅಲ್ಲೇ ಹಾಜರು. ಶುಕ್ರವಾರ ಸಂಜೆ ಅತ್ತೆ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಮೌನ ಮುರಿದರು.

“ಬಿಡಮ್ಮಾ. ವಯಸ್ಸಾಯ್ತು. ಬೇರೆ ಯಾರ ಕೈಲಾದ್ರೂ ಹಾಡಿಸು. ಹಾಡು ಕೆಡಬಾರದು, ಅಷ್ಟೇ.”

ಅಷ್ಟು ಹೇಳಿ ಹೋಗಿ ಬಟ್ಟೆ ಮಡಚುತ್ತ ಕೂತರು. ಸೊಸೆ ಆ ಬಾಗಿದ ಬೆನ್ನು ನೋಡಿ ಬಂದು, ಮತ್ತೆ ಅದೇ ಸಾಲು ಹಾಕಿದಳು.

ಶನಿವಾರ ಮಧ್ಯಾಹ್ನ ಅವಳು ಸೋತ ಮುಖದಲ್ಲಿ ಅದೇ ಸಾಲನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದಾಗ ಮಾವ ಚಹದ ಲೋಟ ಹಿಡಿದು ಒಳಗೆ ಬಂದರು. ಬಂದವರು ಹೋಗಲಿಲ್ಲ. ತಲೆ ಓರೆ ಮಾಡಿ ನಿಂತರು. ನಲವತ್ತು ವರ್ಷ ಕತ್ತಲ ಬಾವಿಯಂಥ ಲಿಫ್ಟಿನ ಹೊಂಡಗಳಲ್ಲಿ ನಿಂತು ಸದ್ದಿನಿಂದಲೇ ರೋಗ ಹಿಡಿದ ಕಿವಿ ಅದು.

“ಇನ್ನೊಂದ್ಸಲ ಹಾಕಮ್ಮ.”

ಹಾಕಿದಳು.

“ಅಲ್ಲಾ, ನಿಮ್ಮತ್ತೆ ಮೇಲಕ್ಕೆ ಹೋಗ್ತಿದ್ರೆ ಒಳಗೆ ಇನ್ಯಾರೋ ಕೆಳಗೆ ಇಳೀತಿದ್ದಾರಲ್ಲ?”

“ಅಂದ್ರೆ?”

“ಲಿಫ್ಟ್ ಮೇಲೆ ಹೋದ್ರೆ ಅದರ ತೂಕದ ಕಬ್ಬಿಣ ಕೆಳಗೆ ಬರುತ್ತೆ ನೋಡು, ಹಾಗೆ. ಆ ಕೀರಲು ಏರ್ತಾ ಇಲ್ಲ ಕಣಮ್ಮ, ಇಳೀತಾ ಇದೆ.”

ಸೊಸೆ ಮತ್ತೆ ಹಾಕಿದಳು. ಕಣ್ಣು ಮುಚ್ಚಿ ಕೇಳಿದಳು. ಅಯ್ಯೋ ದೇವರೇ, ಹೌದು! ಅತ್ತೆ ಏರುತ್ತಿದ್ದಾರೆ, ಸೊಳ್ಳೆ ಇಳಿಯುತ್ತಿದೆ. ಮನುಷ್ಯರ ಗಂಟಲು ಎಷ್ಟೇ ಸೀಳಲಿ, ಏರುವಾಗಲೇ ಇಳಿಯಲು ಅದಕ್ಕೆಲ್ಲಿ ಬರುತ್ತದೆ? ಕಂಪ್ಯೂಟರಿನೊಳಗೆ ಮಾತ್ರ ಇಂಥ ಹುಚ್ಚಾಟ ಸಾಧ್ಯ.

ಅವಳು ಅತ್ತೆಯ ಧ್ವನಿಗೆ ಹಾಕಿದ್ದ ಪ್ಲಗಿನ್‌ಗಳನ್ನು, ಅಂದರೆ ಧ್ವನಿ ತಿದ್ದುವ ಪುಟ್ಟ ತಂತ್ರಾಂಶಗಳನ್ನು, ದೀಪ ಆರಿಸುವಂತೆ ಒಂದೊಂದಾಗಿ ಆರಿಸಿದಳು. ಹಳೆಯ ಟೇಪಿನ ಹಾಗೆ ಧ್ವನಿಯನ್ನು ಬೆಚ್ಚಗೆ ಮಾಡುವ ಒಂದು ಪ್ಲಗಿನ್ ಇತ್ತು. ಅತ್ತೆಯ ಹಾಡೆಂಬ ಪ್ರೀತಿಗೆ ಅದರ ತಿರುಗುಣಿಯನ್ನು ಮುಕ್ಕಾಲು ಪಾಲು ತಿರುಗಿಸಿಟ್ಟಿದ್ದಳು. ಅದನ್ನು ಆರಿಸಿದಳು. ಸೊಳ್ಳೆ ಇಲ್ಲ! ಹಚ್ಚಿದಳು. ಗುಂಯ್! ಆರಿಸಿದಳು. ಅತ್ತೆಯ ಗಂಟಲು ಗಾಜಿನ ಲೋಟಕ್ಕೆ ಸುರಿದ ನೀರಿನಷ್ಟು ತಿಳಿ.

“ಮಾವಾ, ನಿಮ್ಮ ಕಿವಿಗೆ ಚಿನ್ನದ ಓಲೆ ಹಾಕಿಸ್ಬೇಕು!” ಎಂದು ಕುರ್ಚಿಯಿಂದ ಎಗರಿದಳು. ಮಾವನ ಚಹ ಅಂಗಿಯ ಮೇಲೆ ಚೆಲ್ಲಿತು.

“ಓಲೆ ಆಮೇಲೆ. ಏನಾಗಿತ್ತು ಹೇಳು.”

“ಕಂಪ್ಯೂಟರು ಸದ್ದನ್ನ ಸೆಕೆಂಡಿಗೆ ನಲವತ್ನಾಲ್ಕು ಸಾವಿರ ಚೂರು ಮಾಡಿ ಇಟ್ಕೊಳ್ಳುತ್ತೆ ಮಾವ. ಅದಕ್ಕೊಂದು ಮಾಳಿಗೆ ಇದ್ದ ಹಾಗೆ, ಅದಕ್ಕಿಂತ ಮೇಲಿನ ಸ್ವರ ಅದರಲ್ಲಿ ಹಿಡಿಯಲ್ಲ. ಈ ಬೆಚ್ಚಗೆ ಮಾಡೋ ಪ್ಲಗಿನ್ನು ಧ್ವನಿಗೆ ಹೊಸ ಹೊಸ ಮೇಲ್ಸ್ವರ ಸೇರಿಸುತ್ತೆ. ಅವು ಚೆಂಡಿನ ಹಾಗೆ ಮಾಳಿಗೆಗೆ ಬಡಿದು ಕೆಳಗೆ ವಾಪಸ್ ಬರ್ತವೆ. ಮೇಲೆ ಎಸೆದಷ್ಟೂ ಕೆಳಗೆ!”

“ಹಾಗಾದ್ರೆ ಮಾಳಿಗೆ ಎತ್ತರಿಸು.”

ಅದಕ್ಕೆಂದೇ ಒಂದು ಗುಂಡಿ ಇತ್ತು. ಪ್ಲಗಿನ್‌ನ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ: ಓವರ್‌ಸ್ಯಾಂಪ್ಲಿಂಗ್. ಅದನ್ನು ಹಚ್ಚಿದರೆ ಪ್ಲಗಿನ್ ಒಳಗೊಳಗೇ ಸದ್ದನ್ನು ಇನ್ನೂ ಸಣ್ಣ ಚೂರು ಮಾಡಿ, ಎತ್ತರದ ಮಾಳಿಗೆಯಡಿ ಕೆಲಸ ಮುಗಿಸಿ, ಹೆಚ್ಚಾದ ಮೇಲ್ಸ್ವರವನ್ನು ಕತ್ತರಿಸಿ, ಮೊದಲಿನ ಅಳತೆಗೇ ಇಳಿಸಿ ಕೊಡುತ್ತದೆ. ಕಂಪ್ಯೂಟರಿಗೆ ಏದುಸಿರು ಬರುತ್ತದೆಂದು ಹೋದ ತಿಂಗಳು ಅದನ್ನು ಆರಿಸಿದವಳು ಬೇರಾರೂ ಅಲ್ಲ, ಇವಳೇ. ಎರಡು ಪಟ್ಟಿಗೆ ಇಟ್ಟಳು, ಸೊಳ್ಳೆ ತೆಳ್ಳಗಾಯಿತು. ನಾಲ್ಕಕ್ಕೆ ಇಟ್ಟಳು, ಪಕ್ಕದ ಮನೆಗೆ ಹೋದಂತಾಯಿತು. ಎಂಟಕ್ಕೆ ಇಟ್ಟಾಗ ಸೊಳ್ಳೆ ಸತ್ತಿತು, ಬೆಚ್ಚಗಿನ ಧ್ವನಿ ಮಾತ್ರ ಉಳಿಯಿತು. ಅವಳು ನಗುತ್ತ ಕೋಣೆಯಲ್ಲಿ ಗಿರಗಿರ ತಿರುಗಿದಳು.

ತಿರುಗುತ್ತಿದ್ದವಳು ಗಕ್ಕನೆ ನಿಂತಳು. ಅತ್ತೆಗೆ ಹೇಳಬೇಕಲ್ಲ!

ಅತ್ತೆ ಅಡುಗೆಮನೆಯಲ್ಲಿ ಬಾಯಿತುಂಬ ಉಪ್ಪುನೀರು ತುಂಬಿಕೊಂಡು, ಮುಖ ಮೇಲೆತ್ತಿ ನಿಂತಿದ್ದರು. ಹಾಡಲು ಒಲ್ಲೆನೆಂದರೂ ಚಿಕಿತ್ಸೆ ಅರ್ಧಕ್ಕೆ ಬಿಡುವವರಲ್ಲ.

“ಅತ್ತೆ, ನಿಮ್ಮ ಗಂಟಲಲ್ಲಿ ಏನೂ ಇಲ್ಲ. ತಪ್ಪು ನಂದು. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಹಾಗೆ ಮಾಡ್ಬಿಟ್ಟೆ. ನಾನೇ ಒಂದು ಗುಂಡಿ ಆರಿಸಿ ಇಟ್ಟಿದ್ದೆ. ಕ್ಷಮಿಸಿ ಅತ್ತೆ.”

ಗಳಗಳ ನಿಂತಿತು. ಅತ್ತೆ ನಿಧಾನವಾಗಿ ತಲೆ ಇಳಿಸಿ, ಸೊಸೆಯನ್ನು ನೋಡಿ, ಗೋಡೆ ಗಡಿಯಾರ ನೋಡಿ, ಮತ್ತೆ ಸೊಸೆಯನ್ನು ನೋಡಿದರು. ಬಾಯಲ್ಲಿ ನೀರು ಹಾಗೇ ಇತ್ತು. ಸಿಂಕಿಗೆ ಉಗುಳಿದರು.

“ನಾಲ್ಕು ದಿನ,” ಎಂದರು. “ಗಂಟೆಗೊಂದು ಲೋಟ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಎತ್ತು ನಿನ್ನ ಕಂಪ್ಯೂಟರು. ಎಮ್ಮೆ ಯಾರೇ?”

ಬಾಗಿಲಲ್ಲಿ ನಿಂತ ಮಾವ, “ನಾನಂತೂ ಏನೂ ಹೇಳಿಲ್ಲಪ್ಪ,” ಎಂದರು. ಅಷ್ಟೇ ಸಾಕಾಯಿತು. ಅತ್ತೆಯ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಇಡೀ ಹೆಂಗಸು ಸಿಂಕು ಹಿಡಿದುಕೊಂಡು ನಗತೊಡಗಿದರು. ನಾಲ್ಕು ದಿನ ಕಟ್ಟಿಟ್ಟ ನಗೆ, ತಡೆಯಲು ಯಾರಿಂದ ಆದೀತು? ನಕ್ಕು ನಕ್ಕು ಕಣ್ಣೊರೆಸಿಕೊಂಡ ಮೇಲೆ, “ಹಾಕು ನೋಡೋಣ, ನನ್ನ ಗಂಟಲು ನಾನೂ ಕೇಳ್ತೀನಿ,” ಎಂದು ಸೊಸೆಗಿಂತ ಮುಂದೆ ಕೋಣೆಗೆ ನುಗ್ಗಿದರು.

ಆದರೆ ಗಂಟೆ ನಾಲ್ಕಾಗಿತ್ತು. ಸಂತೋಷದ ಭರದಲ್ಲಿ ಸೊಸೆ ಆರೂ ಧ್ವನಿಯ ಎಲ್ಲ ಪ್ಲಗಿನ್‌ಗಳಿಗೂ ಓವರ್‌ಸ್ಯಾಂಪ್ಲಿಂಗ್ ಹದಿನಾರಕ್ಕೆ ಏರಿಸಿದ್ದಳು. ಆ ಕೊನೆಯ ಸಾಲು ಹಾಕಿದರೆ ಅತ್ತೆ, “ಜ್ವ... ಜ್ವ... ಜ್ವ...” ಎಂದು ಬಿಕ್ಕಳಿಸಿ ನಿಂತೇಬಿಟ್ಟರು. ಅಂದರೆ ಸ್ಪೀಕರಿನೊಳಗಿನ ಅತ್ತೆ. ಕಂಪ್ಯೂಟರಿನ ಫ್ಯಾನು ಹೊರಡಲಿರುವ ವಿಮಾನದಂತೆ ಮೊರೆಯಿತು.

ಅತ್ತೆ ಮುಂದೆ ಬಂದು ಕಂಪ್ಯೂಟರಿನ ಬೆನ್ನ ಮೇಲೆ ಮುಂಗೈ ಇಟ್ಟು ನೋಡಿದರು. “ನೂರಮೂರು ಇರ್ಬೇಕು. ಇದಕ್ಕೆ ಏನೇನು ಕೊಟ್ಟಿದ್ದೀಯೆ?”

“ಎಲ್ಲದಕ್ಕೂ ಹದಿನಾರು ಕೊಟ್ಟೆ ಅತ್ತೆ.”

“ಯಾರಿಗೆ ರೋಗ ಇದೆಯೋ ಅವರಿಗೆ ಮಾತ್ರ ಔಷಧಿ. ಇಡೀ ವಾರ್ಡಿಗೆ ಇಂಜೆಕ್ಷನ್ ಕೊಡ್ತಾರಾ ಯಾರಾದ್ರೂ?”

ಇಷ್ಟು ಸರಿಯಾದ ಮಾತನ್ನು ಸೊಸೆಯ ಕಸುಬಿನವರು ಕೂಡ ಹೇಳಿರಲಿಲ್ಲ. ಸದ್ದನ್ನು ಬರೀ ಹೆಚ್ಚುಕಡಿಮೆ ಮಾಡುವ ಪ್ಲಗಿನ್‌ಗಳು ಹೊಸ ಸ್ವರ ಹುಟ್ಟಿಸುವುದಿಲ್ಲ. ಅವಕ್ಕೆ ಎತ್ತರದ ಮಾಳಿಗೆ ಯಾಕೆ? ಬೆಚ್ಚಗೆ ಮಾಡುವ ಪ್ಲಗಿನ್, ಕೊನೆಯಲ್ಲಿ ಧ್ವನಿ ಮಿತಿ ಮೀರದಂತೆ ಅದರ ತಲೆ ಒತ್ತಿ ಹಿಡಿಯುವ ಇನ್ನೊಂದು, ಇವೆರಡಕ್ಕೆ ಮಾತ್ರ ಎಂಟು ಕೊಟ್ಟಳು. ಉಳಿದವುಗಳ ಓವರ್‌ಸ್ಯಾಂಪ್ಲಿಂಗ್ ಆರಿಸಿದಳು. ಕಂಪ್ಯೂಟರು ನಿಟ್ಟುಸಿರು ಬಿಟ್ಟಿತು. ಹಾಡು ಸರಾಗವಾಗಿ ಹರಿಯಿತು. ಗುರುವಾರ, ಶುಕ್ರವಾರದ ಹಾಡಿಕೆಗಳನ್ನು ಬದಿಗಿಟ್ಟು, ಭಾನುವಾರ ಮೊದಲ ಸಲ ಹಾಡಿದ್ದನ್ನೇ ಆಯ್ದುಕೊಂಡಳು. ಅದರಲ್ಲಿ ಅತ್ತೆಗೆ ಭಯವೇ ಇರಲಿಲ್ಲ.

ಮುಗಿದ ಹಾಡನ್ನು, ನಿಧಾನವಾದರೂ ಅತಿ ನಯವಾಗಿ ಬರುವ ಬಗೆಯಲ್ಲಿ, ಒಂದು ಕಡತವಾಗಿ ಹೊರತೆಗೆಯಲು ಗುಂಡಿ ಒತ್ತಿದಾಗ ನಾಲ್ಕು ಇಪ್ಪತ್ತೆಂಟು. ಮೂರು ನಿಮಿಷದ ಹಾಡಿಗೆ ‘ಇನ್ನು ಇಪ್ಪತ್ತಾರು ನಿಮಿಷ’ ಎಂದಿತು ಆ ಮುದಿ ಕಂಪ್ಯೂಟರು. ಮಾವ ಎಲ್ಲಿಂದಲೋ ಟೇಬಲ್ ಫ್ಯಾನ್ ಹೊತ್ತು ತಂದು ಅದರ ಮುಖಕ್ಕೆ ಹಿಡಿದರು. ಅತ್ತೆ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ಐದು ನಿಮಿಷಕ್ಕೊಮ್ಮೆ ಮುಂಗೈ ಇಟ್ಟು, “ಇಳೀತಾ ಇದೆ,” “ಹಾಗೇ ಇದೆ,” ಎಂದು ವರದಿ ಕೊಟ್ಟರು. ಸೊಸೆ ಬೆರಳ ಉಗುರು ಕಡಿಯುತ್ತ ಕೂತಳು. ಅತ್ತೆ ಅವಳ ಕೈಗೆ ಫಟ್ಟನೆ ಹೊಡೆದರು.

ನಾಲ್ಕು ಐವತ್ತಾರಕ್ಕೆ ಹಾಡು ಹೊರಟಿತು.

ಐದೂ ಕಾಲಿಗೆ ನಿರ್ದೇಶಕಿಯ ಫೋನು. ಸೊಸೆ ಎಲ್ಲರಿಗೂ ಕೇಳುವಂತೆ ಇಟ್ಟಳು. “ಆ ‘ಬಾರದಿರು’ ಇದೆಯಲ್ಲ, ಅಬ್ಬಾ! ಇಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ. ಇನ್ನೆರಡು ಹಾಡು ಬೇಕು. ಅಂದ ಹಾಗೆ, ಹಾಡಿದವರಿಗೆ ವಯಸ್ಸೆಷ್ಟು?”

ಸೊಸೆ ಉತ್ತರ ಕೊಡುವ ಮೊದಲೇ ಅತ್ತೆ ಫೋನು ಕಸಿದುಕೊಂಡರು. “ವಯಸ್ಸು ಯಾಕಮ್ಮ? ಡೋಸ್ ಲೆಕ್ಕ ಹಾಕ್ಬೇಕಾ?”

ಗಂಡ ಆಫೀಸಿನಿಂದ ಬಂದಾಗ ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಹಿಂದಿನ ಕೋಣೆಯ ನೆಲದ ಮೇಲೆ ಅಪ್ಪ, ಅಮ್ಮ, ಹೆಂಡತಿ ಮೂವರೂ ಕಾಲು ಚಾಚಿ ಕೂತಿದ್ದರು. ಒಬ್ಬರು ನಗು ನಿಲ್ಲಿಸಿದರೆ ಇನ್ನೊಬ್ಬರು ಶುರು ಮಾಡುತ್ತಿದ್ದರು. ಏನಾಯಿತೆಂದು ಕೇಳಿದರೆ ಅಪ್ಪ ಒಂದು ಕೈ ಮೇಲೆತ್ತಿ, ಇನ್ನೊಂದು ಕೈ ಕೆಳಗಿಳಿಸಿ ತೋರಿಸಿದರು. ಅಷ್ಟಕ್ಕೇ ಮೂವರೂ ಮತ್ತೆ ಬಿದ್ದು ಬಿದ್ದು ನಕ್ಕರು. ಅಮ್ಮ ಹಾಡಲು ಒಲ್ಲೆನೆಂದದ್ದಷ್ಟೇ ಗೊತ್ತಿದ್ದ ಅವನು ತಲೆಬುಡ ತಿಳಿಯದೆ, ಹೆಡ್‌ಫೋನ್ ಕಿವಿಗಿಟ್ಟುಕೊಂಡು ಹಾಡನ್ನು ಪೂರ್ತಿ ಕೇಳಿದ.

“ಚೆನ್ನಾಗಿ ಹಾಡಿದ್ದಾಳೆ,” ಎಂದ ಗಂಭೀರವಾಗಿ. “ಯಾರಿವಳು, ಹೊಸ ಹುಡುಗಿನಾ?”

ಅತ್ತೆ ಎದ್ದು ಮಗನ ಎರಡೂ ಕೆನ್ನೆ ಹಿಡಿದು, ಹಣೆಗೆ ಲೊಚಕ್ಕನೆ ಒಂದು ಮುತ್ತು ಕೊಟ್ಟರು. ಆಮೇಲೆ ಬೆನ್ನಿಗೊಂದು ಗುದ್ದು.