ಕೆರೆಯಪ್ಪನ ಮಗಳ ಪರೀಕ್ಷೆ

ಒದ್ದೆ ಬಟ್ಟೆಯಿಂದ ಎಷ್ಟು ಉಜ್ಜಿದರೂ ಅಪ್ಪನ ತೋರುಬೆರಳಿನ ಮಸಿ ಬಿಡಲೊಲ್ಲದು. ಮಗಳು ಬಟ್ಟೆ ಹಿಂಡಿ ಮತ್ತೆ ಆ ತಣ್ಣಗಿನ ಕೈಯನ್ನು ಎತ್ತಿಕೊಂಡಳು.

"ಬಿಡಮ್ಮ, ನಕ್ಷೆ ಮಸಿ ಅದು. ಅಷ್ಟು ಸುಲಭಕ್ಕೆ ಹೋಗಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ಮುದುಕರು. ಅಪ್ಪನ ಜೊತೆ ಸರ್ವೆ ಕಚೇರಿಯಲ್ಲಿ ಆಯಸ್ಸು ಸವೆಸಿದವರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಎಲ್ಲರ ಬಾಯಲ್ಲೂ ಇನ್ನೂ ಹೆಡ್ ಸಾಹೇಬರೇ. "ಕೈಯಲ್ಲಿ ಮಸಿ ಇಲ್ದೆ ಹೋದ್ರೆ ಕೆರೆಯಪ್ಪನ್ನ ಅಲ್ಲಿ ಯಾರು ಗುರುತು ಹಿಡೀತಾರೆ?"

ಅಂಗಳದಲ್ಲಿ ಕೂತಿದ್ದ ಹಳೆಯ ನಕ್ಷೆಗಾರರು ಮೆಲ್ಲಗೆ ನಕ್ಕರು. ಸಾವಿನ ಮನೆಯಲ್ಲಿ ಇದೆಂಥ ನಗು ಎಂಬಂತೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು.

ಮಗಳಿಗೆ ಅತ್ತ ನಗಲೂ ಆಗದು, ಇತ್ತ ಅಳಲೂ ಆಗದು. ಇವತ್ತೇ ಅವಳ ಪರೀಕ್ಷೆ. ಅಪ್ಪನ ಕಚೇರಿಯಲ್ಲೇ ಅವಳು ಟ್ರೇಸರ್. ಅಂದರೆ ಬೇರೆಯವರು ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಗೆರೆಗೆ ಗೆರೆ ತಿದ್ದುವವಳು. ಅರ್ಹತಾ ಪರೀಕ್ಷೆ ಪಾಸಾದರೆ ಸ್ವಂತ ನಕ್ಷೆ ಬರೆಯಬಹುದು. ಹಿಂದಿನ ಸಲ ಒಂದು ಹನಿ ಮಸಿ ಬಿದ್ದು ಫೇಲಾಗಿದ್ದಳು. ಈ ಸಲ ತಪ್ಪಿಸಿಕೊಂಡರೆ ವಯಸ್ಸು ಮೀರುತ್ತದೆ. ಕೊನೆಯವರೆಗೂ ಕಂಡವರ ಗೆರೆ ತಿದ್ದುವುದೇ ಗತಿ. ಹತ್ತು ಗಂಟೆಗೆ ಪರೀಕ್ಷೆಯ ಬಾಗಿಲು ಹಾಕುತ್ತಾರೆ.

*

ಕೆರೆಯಪ್ಪ ಎಂಬ ಅಡ್ಡಹೆಸರು ಬಂದದ್ದೂ ಇದೇ ಪರೀಕ್ಷೆಯಿಂದ. ಆಗ ಅಪ್ಪನೂ ಟ್ರೇಸರ್, ಹುಮ್ಮಸ್ಸಿನ ಪ್ರಾಯ. ಒಂದು ಹಳೆಯ ನಕ್ಷೆ ಕೊಟ್ಟು, ದೊಡ್ಡದು ಮಾಡಿ ಬರೆಯಿರಿ ಎಂದಿದ್ದರು. ಟ್ರೇಸರನ ಕೈ ಕಲಿತದ್ದು ಒಂದೇ ವಿದ್ಯೆ: ಹಾಳೆಯಲ್ಲಿ ಕಂಡದ್ದನ್ನೆಲ್ಲ ಬರೆ, ಯಾಕೆ ಎನ್ನಬೇಡ. ಅಪ್ಪ ಹೊಲ, ಗಡಿಕಲ್ಲು, ಬಾವಿ, ಕಾಲುದಾರಿ ಒಂದನ್ನೂ ಬಿಡಲಿಲ್ಲ. ಊರ ನಡುವೆ ದುಂಡಗೆ ಒಂದು ಕಂದು ಗೆರೆ ಕಂಡಿತು. ಅದನ್ನೂ ಹಿಗ್ಗಿಸಿ, ಒಳಗೆ ನೀಲಿ ತುಂಬಿ, ಸುತ್ತ ಏರಿ ಕಟ್ಟಿ, ಮುತ್ತಿನಂಥ ಅಕ್ಷರದಲ್ಲಿ 'ಕೆರೆ' ಎಂದು ಬರೆದರು. ಅದು ಯಾವನೋ ಪುಣ್ಯಾತ್ಮ ಚಹದ ಲೋಟ ಇಟ್ಟ ಗುರುತು. ಅರ್ಧ ಊರನ್ನೇ ಮುಳುಗಿಸಿಬಿಟ್ಟ ಎಂದು ಪರೀಕ್ಷಕರು ಅಪ್ಪನನ್ನು ಫೇಲು ಮಾಡಿ, ಕಚೇರಿಯೆಲ್ಲ ಹೇಳಿಕೊಂಡು ನಕ್ಕರು.

ಪಾಸಾದ ಮೇಲೂ ಅಪ್ಪ ಆ ಕತೆಯನ್ನು ಮುಚ್ಚಿಡಲಿಲ್ಲ. ಕಚೇರಿಯ ಹೊಸಬರನ್ನೆಲ್ಲ ಮನೆಗೆ ಕರೆದು, ಊಟದ ಮೇಜಿನ ಮೇಲೆ ಹಾಳೆ ಹರವಿ, ಪಾಠವನ್ನು ಅಲ್ಲಿಂದಲೇ ಶುರುಮಾಡುತ್ತಿದ್ದರು. ಮಗಳಿಗೂ ಅದೇ ಪಾಠ. "ಗೆರೆ ಎಳೆಯೋ ಮುಂಚೆ ಕೇಳ್ಕೋ, ಇದು ನೆಲದ ಮೇಲೆ ಇದೆಯಾ ಅಂತ. ಆಮೇಲೆ ಉಸಿರು ಬಿಡ್ತಾ ಎಳಿ. ಬಿಗಿ ಹಿಡಿದ್ರೆ ಕೈ ನಡುಗುತ್ತೆ." ಕಳೆದ ವಾರ ಹಾಸಿಗೆಯಲ್ಲಿ ಒರಗಿಕೊಂಡೇ ಅವಳ ಪೆನ್ನು ಕಿತ್ತುಕೊಂಡು ಒಂದು ಮೂಲೆ ತಿದ್ದಿದ್ದರು. ಬೆರಳಿನ ಮಸಿ ಆಗಿನದು. ನಿನ್ನ ಗೆರೆ ಚೆನ್ನಾಗಿದೆ ಎಂದು ಅಪ್ಪ ಯಾವತ್ತೂ ಹೇಳಿದ ನೆನಪಿಲ್ಲ ಅವಳಿಗೆ. ಹೇಳುತ್ತಾರೇನೋ ಎಂದು ಕಾದದ್ದು ಮಾತ್ರ ಚೆನ್ನಾಗಿ ನೆನಪಿದೆ.

*

"ನಾನು ಹೋಗಲ್ಲ," ಎಂದಳು ಮಗಳು, ಯಾರೂ ಕೇಳದಿದ್ದರೂ.

"ಹೋಗೋ ಮಾತೇ ಎಲ್ಲಿ ಬಂತು?" ಎಂದರು ದೊಡ್ಡಪ್ಪ. "ಅಪ್ಪನ್ನ ಮಲಗಿಸಿ ಪರೀಕ್ಷೆಗೆ ಹೋದ್ಲು ಅಂತ ಜನ ಆಡ್ಕೊಳ್ಳಲ್ವಾ?" ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ತಮ್ಮನನ್ನು ಎತ್ತಿ ಆಡಿಸಿದ ಅಣ್ಣ ಅವರು.

ಹೆಡ್ ಸಾಹೇಬರು ಗಡಿಯಾರ ನೋಡಿದರು.

ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದ ಅಮ್ಮ ತಲೆ ಎತ್ತಿದಳು. "ಭಾವ, ಇವಳು ಹುಟ್ಟಿದ ದಿನ ನೆನಪಿದೆಯಾ?"

ದೊಡ್ಡಪ್ಪ ಅವಳ ಕಡೆ ತಿರುಗಿದರು.

"ಅವತ್ತು ಇವರ ಎರಡನೇ ಪರೀಕ್ಷೆ. ನಂಗೆ ಬೆಳಿಗ್ಗೇನೇ ನೋವು ಶುರುವಾಗಿತ್ತು. ಹೋಗಿ ಬನ್ನಿ ಅಂತ ನಾನೇ ಕಳಿಸಿದೆ. ನೀವು ಬಾಗಿಲಿಗೆ ಅಡ್ಡ ನಿಂತು, ಹೆಂಡ್ತೀನ ಈ ಸ್ಥಿತೀಲಿ ಬಿಟ್ಟು ಹೋದ ಅಂತ ಜನ ಆಡ್ಕೋತಾರೆ ಅಂದ್ರಿ. ಆ ಜನ ಯಾರು ಅಂತ ಇವತ್ತಿನವರೆಗೂ ನಂಗೆ ಗೊತ್ತಾಗ್ಲಿಲ್ಲ."

ದೊಡ್ಡಪ್ಪನಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಹೆಗಲ ಮೇಲಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡರು.

"ಸಂಜೆ ಬಂದವರು ಕೈ ಕೂಡ ತೊಳೀದೆ ಇವಳನ್ನ ಎತ್ಕೊಂಡ್ರು. ಈ ಸಲ ಪಾಸು ಕಣೇ ಅಂದ್ರು." ಅಮ್ಮ ಮಗಳ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡಳು. "ಇವರದ್ದೆಲ್ಲ ನಾನು ನೋಡ್ಕೋತೀನಿ. ನೀನು ಏಳು."

"ಕೈ ನಡುಗ್ತಾ ಇದೆಯಮ್ಮ."

"ನಡುಗ್ಲಿ. ಹೋಗು."

ಪರೀಕ್ಷೆಗೆ ನಕ್ಷೆ ಬರೆಯುವ ಹಲಗೆಯನ್ನು ಅವರವರೇ ಒಯ್ಯಬೇಕು. ಆಳುದ್ದಕ್ಕೆ ಸ್ವಲ್ಪವೇ ಕಡಿಮೆಯಿದ್ದ ಹಲಗೆಯನ್ನು ಕಂಕುಳಲ್ಲಿ ಅವುಚಿಕೊಂಡು, ಅಪ್ಪನನ್ನು ಹೊತ್ತು ಹೊರಟಾಗ ಅವಳು ಚಟ್ಟದ ಪಕ್ಕದಲ್ಲೇ ಬೀದಿಗಿಳಿದಳು. ದೊಡ್ಡ ರಸ್ತೆ ಸೇರುವಲ್ಲಿ ದಾರಿ ಕವಲಾಗುತ್ತದೆ. ಎಡಕ್ಕೆ ಮಸಣ, ಬಲಕ್ಕೆ ಕಚೇರಿ. ಅವಳು ಅಪ್ಪನ ಪಾದ ಮುಟ್ಟಿ ಬಲಕ್ಕೆ ತಿರುಗಿದಳು. ತಿರುಗಿ ನೋಡಿದರೆ ಕಾಲು ಏಳುವುದಿಲ್ಲವೆಂದು ಬಿರಬಿರನೆ ನಡೆದಳು.

ಕಚೇರಿಯ ಗೇಟಿನಲ್ಲಿ ಮನಸ್ಸು ತಡೆಯದೆ ನೋಡಿಯೇಬಿಟ್ಟಳು. ಚಟ್ಟ ಇನ್ನೂ ಕವಲಿನಲ್ಲೇ ನಿಂತಿತ್ತು. ಹಿಂದೆ ಬಸ್ಸು, ಗಾಡಿಗಳು ಸಾಲುಗಟ್ಟಿದ್ದವು. ಮುಂದಿನ ಹೆಗಲು ಕೊಟ್ಟಿದ್ದ ದೊಡ್ಡಪ್ಪ ಅವಳ ಕಡೆಗೇ ನೋಡುತ್ತ, ಬಿಡುವಾಗಿದ್ದ ಒಂದು ಕೈಯನ್ನು ಮೇಲೆತ್ತಿ, ಹೊತ್ತಾಯಿತು, ಒಳಗೆ ನಡೆ ಎಂದು ಬೀಸುತ್ತಿದ್ದರು.