ಬ್ರೌಸರಿಗೆ ಕಟ್ಟಿದ ಹಗ್ಗ

ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಲಿನಕ್ಸ್ ಎಂದರೆ ನಾನು, ದತ್ತು. ನಾನು ಕೀಬೋರ್ಡ್ ಮುಟ್ಟಿದರೆ ಸತ್ತ ಕಂಪ್ಯೂಟರ್ ಎದ್ದು ಕೂತು ಚಹಾ ಕೇಳುತ್ತದೆ. ಅಂಥ ನನ್ನನ್ನೇ ಭೀಮಾಶಂಕರ ಲಿಂಗರಾಜಪುರದ ತನ್ನ ಬಾಡಿಗೆ ಕೋಣೆಗೆ ಕರೆಸಿದ್ದ.

ಅವನು ಸೇಡಂ ಕಡೆಯವನು, ಹುಟ್ಟುಕುರುಡ. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಧೂಳಿನಲ್ಲಿ ನಿಂತು ಪೆನ್ನು ಮಾರುತ್ತಾನೆ. ಮಾರತ್ತಹಳ್ಳಿಯ ಒಂದು ಕಂಪನಿಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಆವತ್ತು ಮನೆಯಿಂದಲೇ ಪರೀಕ್ಷೆ. ಪರದೆಯ ಮೇಲಿರುವುದನ್ನೆಲ್ಲ ಅವನ ಹಳೆಯ ಲ್ಯಾಪ್‌ಟಾಪ್ ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಬ್ರೌಸರ್ ತೆರೆದರೆ ಸಾಕು, ಅದು ಛತ್ರದ ಅಡುಗೆಯನ್ನೆಲ್ಲ ಒಬ್ಬನೇ ಮುಗಿಸುವವನ ಹಾಗೆ ಮೆಮೊರಿ ನುಂಗುತ್ತಿತ್ತು. ಜಾಗ ಮುಗಿದಾಗ, ಆ ಲ್ಯಾಪ್‌ಟಾಪನ್ನು ನಡೆಸುವ ಲಿನಕ್ಸ್ ಯಾವುದಾದರೊಂದು ಪ್ರೋಗ್ರಾಮನ್ನು ಕೊಲ್ಲುತ್ತದೆ. ಅಭ್ಯಾಸ ಪರೀಕ್ಷೆಯಲ್ಲಿ ಅದು ಕೊಂದದ್ದು ಓದುವ ದನಿಯನ್ನೇ.

“ಅದು ಸುಮ್ನಾದ್ರ ನಾ ಬಾವ್ಯಾಗ ಬಿದ್ದಂಗ ಆಗ್ತದ, ದತ್ತು.”

“ಬ್ರೌಸರ್‌ಗೆ ಹಗ್ಗ ಕಟ್ತೀನಿ ಮಗಾ. ಎರಡು ಜಿಬಿ ಮೇಲೆ ಒಂದು ತುತ್ತು ಮುಟ್ಟಂಗಿಲ್ಲ.”

“ಮುಟ್ಟಿದ್ರ?”

“ಬ್ರೌಸರ್ ಸಾಯುತ್ತೆ, ನಿನ್ನ ದನಿ ಸಾಯಲ್ಲ. ಆದ್ರೆ ದತ್ತು ಕಟ್ಟಿದ್ಮೇಲೆ ಮುಟ್ಟೋ ಧೈರ್ಯ ಯಾವುದಕ್ಕಿದೆ ಗುರು?”

ಒಂದೇ ಸಾಲಿನ ಆಜ್ಞೆ ಬರೆದೆ. ಹಾಡು, ಸುದ್ದಿ, ಕ್ರಿಕೆಟ್ಟು ಎಲ್ಲ ತೆರೆದು ನೋಡಿದೆ. ಬ್ರೌಸರ್ ಸಾಕಿದ ಆಕಳಿನಂತೆ ಮಿತಿಯೊಳಗೇ ಮೇಯ್ದಿತು. ಕ್ಯಾಮೆರಾ ಮಾತ್ರ ಹಾಕಿ ನೋಡಲಿಲ್ಲ. ಕುರುಡನ ಪರೀಕ್ಷೆಗೆ ಕ್ಯಾಮೆರಾ ಯಾಕೆ ಬೇಕು ಅಂದುಕೊಂಡೆ.

ಪರೀಕ್ಷೆ ಶುರುವಾಗಿ ಅರ್ಧ ಪ್ರಶ್ನೆಗಳು ಮುಗಿದಿದ್ದವು. ಒಂದರಲ್ಲೂ ಅವನು ತಡವರಿಸಿರಲಿಲ್ಲ. ಆಗ ದನಿ, “ಅಭ್ಯರ್ಥಿಯ ಮುಖ ಪರಿಶೀಲನೆ” ಎಂದು ಓದಿತು. ಕ್ಯಾಮೆರಾದ ದೀಪ ಹೊತ್ತಿತು. ಅದರ ಭಾರಕ್ಕೆ ಬ್ರೌಸರ್ ಮಿತಿ ದಾಟಿತು. ನನ್ನ ಹಗ್ಗ ಎಳ್ಳಷ್ಟೂ ಸಡಿಲವಾಗದೆ ಅದರ ಕುತ್ತಿಗೆ ಬಿಗಿಯಿತು.

“ಬ್ರೌಸರ್ ಕಿಟಕಿ ಮುಚ್ಚಿದೆ,” ಎಂದಿತು ದನಿ.

ಅವನು ಗುಂಡಿ ಒತ್ತಿದ. “ಕಸದಬುಟ್ಟಿ,” ಎಂದಿತು, ಖಾಲಿ ಪರದೆಯ ಮೇಲೆ ಉಳಿದಿದ್ದ ಒಂದೇ ಚಿತ್ರದ ಹೆಸರು ಓದಿ.

ಮಿತಿ ತೆಗೆದುಹಾಕಿ ಪುಟವನ್ನು ಮತ್ತೆ ತೆರೆದೆ. ದನಿ ಓದಿತು: “ನೀವು ಪರೀಕ್ಷೆಯಿಂದ ಹೊರನಡೆದಿದ್ದೀರಿ. ಮರುಪ್ರವೇಶವಿಲ್ಲ.”

“ಹಗ್ಗ ಚಲೋ ಕಟ್ಟೀದಿ,” ಎಂದ ಭೀಮಾಶಂಕರ.

ಇಡೀ ಬೆಂಗಳೂರಿಗೆ ಸಾಲುವಷ್ಟು ಮಾತು ನನ್ನ ಬಾಯಲ್ಲಿ ಯಾವಾಗಲೂ ಇರುತ್ತದೆ. ಆಗ, ಕಂಪನಿಗೆ ಫೋನ್ ಮಾಡೋಣ ಎಂದಷ್ಟೇ ಹೇಳಲು ಬಂತು. ಅವನು ಕೇಳಿಸಿಕೊಳ್ಳಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ ಓದಿಸಿದ. ಆಮೇಲೆ ಮತ್ತೊಮ್ಮೆ. ನಾನು ಉಳಿಸಿಕೊಟ್ಟ ದನಿ ಒಂದಕ್ಷರವನ್ನೂ ನುಂಗದೆ ಓದುತ್ತಲೇ ಇತ್ತು.